ಕೇರಿಯ ಓದುಗರ ಇಷ್ಟವೂ ನಮ್ಮ ವಿಮರ್ಶೆಯೂ

‘ಸಾಹಿತ್ಯ ಪ್ರಕಾರಗಳು’ ಎಂಬ ಪಾಠ ಮುಗಿದ ದಿನ ತರಗತಿಯ ಹುಡುಗ ಹುಡುಗಿಯರ ಕೈಗೆ ಒಂದೊಂದು ಚೀಟಿ ಕೊಟ್ಟೆ. ನಿಮಗೆ ಸೇರುವ ಪ್ರಕಾರ ಯಾವುದು, ಯಾಕೆ ಸೇರುತ್ತದೆ, ಎರಡೇ ಸಾಲು ಬರೆಯಿರಿ ಅಂದೆ. ಔರಾದ ತಾಲೂಕಿನ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ಮಕ್ಕಳು ಅವರು. ಮನೆಯಲ್ಲಿ ಕೆಲವರದು ಮರಾಠಿ, ಕೆಲವರದು ಲಂಬಾಣಿ, ಕೆಲವರದು ಉರ್ದು, ಉಳಿದವರದು ನಮ್ಮ ಬೀದರ ಕನ್ನಡ. ಚೀಟಿಗಳನ್ನು ಮನೆಗೆ ತಂದು ಓದುತ್ತ ಕೂತಾಗ ನಾನು ಎಣಿಸಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ‘ದಲಿತ ಆತ್ಮಕಥೆ ನನಗೆ ಇಷ್ಟ, ಓದಿದರೆ ಮನಸ್ಸು ಕರಗುತ್ತದೆ’ ಎಂದು ಬರೆದವರಲ್ಲಿ ಹೆಚ್ಚಿನವರು ಊರೊಳಗಿನ ಮಕ್ಕಳು. ಕೇರಿಯಿಂದ ಬರುವ ಹುಡುಗಿಯೊಬ್ಬಳು ಬರೆದಿದ್ದಳು: ‘ಆತ್ಮಕಥಿ ನನಗ ಸೇರಂಗಿಲ್ರಿ ಸರ್. ಅದ್ರಾಗ ಇರೂದು ನಮ್ಮ ಮನ್ಯಾಗೇ ಅದ. ನನಗ ದೆವ್ವದ ಕಥಿ ಸೇರ್ತಾವ.’

ನಿಜ ಹೇಳಬೇಕೆಂದರೆ ಮೊದಲು ನನಗೆ ಸಿಟ್ಟೇ ಬಂತು. ನಾನೂ ಕೇರಿಯವನೇ. ಇಷ್ಟು ಮಂದಿ ಹೋರಾಡಿ, ಬರೆದು, ಪಠ್ಯಕ್ಕೆ ತಂದ ಪುಸ್ತಕಗಳನ್ನು ಬಿಟ್ಟು ದೆವ್ವದ ಕಥೆಯೇ ಅನ್ನಿಸಿತು. ಆಮೇಲೆ ಆ ಸಿಟ್ಟೇ ನನ್ನನ್ನು ಕಾಡತೊಡಗಿತು. ಅವಳ ಇಷ್ಟವನ್ನು ತಿದ್ದುವ ಅಧಿಕಾರ ನನಗೆ ಎಲ್ಲಿಂದ ಬಂತು? ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿ ಬರೆದದ್ದು.

ನಮ್ಮ ವಿಮರ್ಶೆ ದಲಿತನನ್ನು ಲೇಖಕನಾಗಿ ನೋಡಿದೆ, ಪಾತ್ರವಾಗಿ ನೋಡಿದೆ. ಓದುಗನಾಗಿ ನೋಡಿದ್ದು ತೀರಾ ಕಡಿಮೆ. ಯಾರು ಬರೆಯಬೇಕು, ಅನುಭವ ಯಾರದು, ಅನುಕಂಪ ಸಾಕೋ ಸಹಾನುಭೂತಿ ಬೇಕೋ ಎಂದು ಐವತ್ತು ವರ್ಷ ಚರ್ಚಿಸಿದ್ದೇವೆ. ಆದರೆ ಕನ್ನಡದಲ್ಲಿ ಈ ಚಳವಳಿಗೆ ಕಿಡಿ ಹೊತ್ತಿದ್ದೇ ಒಬ್ಬ ಓದುಗನ ಮಾತಿನಿಂದ ಅನ್ನೋದನ್ನು ಮರೆತಿದ್ದೇವೆ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಅವರು ಕವಿಯಾಗಿ ಮಾತಾಡಲಿಲ್ಲ, ಪಂಡಿತರಾಗಿ ಮಾತಾಡಲಿಲ್ಲ. ಇದು ನನಗೆ ರುಚಿಸುವುದಿಲ್ಲ, ಇದರಲ್ಲಿ ನನ್ನ ಜನಕ್ಕೆ ಕಾಳಿಲ್ಲ ಎಂದು ಒಬ್ಬ ದಲಿತ ಓದುಗ ತೀರ್ಪು ಕೊಟ್ಟದ್ದು ಅದು. ಆ ತೀರ್ಪಿಗೆ ಅವರು ಮಂತ್ರಿ ಪದವಿಯನ್ನೇ ತೆರಬೇಕಾಯಿತು. ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿಕೊಂಡಿತು, ಪದ್ಯಗಳು ಬಂದವು, ಕಾದಂಬರಿಗಳು ಬಂದವು. ಆದರೆ ‘ನನಗೆ ಇದು ಸೇರುತ್ತದೆ, ಇದು ಸೇರುವುದಿಲ್ಲ’ ಎನ್ನುವ ಆ ಓದುಗ ಮಾತ್ರ ನಮ್ಮ ವಿಮರ್ಶೆಯ ಪುಟಗಳಿಂದ ಕಾಣೆಯಾದ.

ಇದಕ್ಕೊಂದು ಕಾರಣವಿದೆ. ‘ಸುಖ’, ‘ಆನಂದ’ ಎಂಬ ಮಾತುಗಳ ಬಗೆಗೇ ನಮಗೆ ಅನುಮಾನ. ಶರಣಕುಮಾರ ಲಿಂಬಾಳೆಯವರು 1996ರಲ್ಲಿ ಮರಾಠಿಯಲ್ಲಿ ತಂದ ದಲಿತ ಸಾಹಿತ್ಯದ ಸೌಂದರ್ಯಶಾಸ್ತ್ರದ ಪುಸ್ತಕದಲ್ಲಿ ಈ ಅನುಮಾನಕ್ಕೆ ಸಿದ್ಧಾಂತದ ರೂಪ ಕೊಟ್ಟರು. ನೋವು ಮತ್ತು ಬಂಡಾಯವನ್ನು ಹೇಳುವ ಸಾಹಿತ್ಯವನ್ನು ಆನಂದದ ಅಳತೆಗೋಲಿನಿಂದ ಅಳೆಯಬಾರದು, ಸ್ವಾತಂತ್ರ್ಯವೇ ಇದರ ಮೌಲ್ಯ ಎಂಬುದು ಅವರ ವಾದದ ತಿರುಳು. ಈ ವಾದ ಬೇಕಾಗಿತ್ತು. ನಮ್ಮ ಗಾಯವನ್ನು ‘ಎಷ್ಟು ಚೆನ್ನಾಗಿ ಬರೆದಿದ್ದಾನೆ’ ಎಂದು ಚಪ್ಪರಿಸುವವರ ಬಾಯಿ ಮುಚ್ಚಿಸಲು ಬೇಕಾಗಿತ್ತು. ಆದರೆ ಈ ವಾದದಲ್ಲಿಯೂ ಎದುರಿಗೆ ಕೂತ ಓದುಗ ಮೇಲುಜಾತಿಯವನೇ. ಅವನು ಆನಂದಪಡಬಾರದು ಅನ್ನೋದು ಸರಿ. ಕೇರಿಯಲ್ಲಿ ಚಿಮಣಿ ಬುಡ್ಡಿಯ ಕಾಲದಿಂದ ಪದ ಕೇಳುತ್ತ, ಕಥೆ ಕೇಳುತ್ತ ಬಂದ ನಮ್ಮ ಆಯಿ, ನಮ್ಮ ಮುತ್ಯಾ ಪಟ್ಟ ಆನಂದ ಯಾವ ಲೆಕ್ಕಕ್ಕೆ?

ಹಳೆಯ ರಸಸಿದ್ಧಾಂತ ಕರುಣರಸದ ಬಗ್ಗೆ ಹೇಳುವ ಮಾತೊಂದನ್ನು ಇಲ್ಲಿ ತಿರುಗಿಸಿ ನೋಡಬೇಕು. ಬದುಕಿನ ಶೋಕ ಕಾವ್ಯದಲ್ಲಿ ರಸವಾಗುತ್ತದೆ, ಯಾಕೆಂದರೆ ಸಹೃದಯನಿಗೆ ಅದು ತನ್ನ ಸ್ವಂತ ಶೋಕವಲ್ಲ. ಅದು ಸಾಧಾರಣೀಕರಣಗೊಂಡ ಶೋಕ. ಇದನ್ನು ಒಪ್ಪಿಕೊಂಡರೆ ನಮ್ಮ ತರಗತಿಯ ಚೀಟಿಗಳಿಗೆ ಅರ್ಥ ತಾನಾಗಿ ಸಿಗುತ್ತದೆ. ಊರೊಳಗಿನ ಹುಡುಗನಿಗೆ ದಲಿತ ಆತ್ಮಕಥೆಯ ನೋವು ಸ್ವಂತದ್ದಲ್ಲ. ಅದಕ್ಕೇ ಅವನ ಮನಸ್ಸು ಕರಗುತ್ತದೆ, ಕರಗಿದ್ದಕ್ಕೆ ಒಂದು ಸಮಾಧಾನವೂ ಆಗುತ್ತದೆ. ಕೇರಿಯ ಹುಡುಗಿಗೆ ಅದು ಸ್ವಂತದ್ದು. ಸಂಜೆ ಮನೆಗೆ ಹೋದರೆ ಅದು ಬಾಗಿಲಲ್ಲೇ ಕೂತಿರುತ್ತದೆ. ಅವಳಿಗೆ ಅಲ್ಲಿ ಕರುಣರಸ ಹುಟ್ಟುವುದು ಹೇಗೆ?

ಹಾಗಂತ ಆತ್ಮಕಥೆ ಕೇರಿಗೆ ಸಲ್ಲದ ಪ್ರಕಾರ ಅಂತ ನಾನು ಹೇಳುತ್ತಿಲ್ಲ. ಬೇರೆ ರೀತಿಯಲ್ಲಿ ಸಲ್ಲುತ್ತದೆ. ಸಿದ್ಧಲಿಂಗಯ್ಯನವರ ‘ಊರು ಕೇರಿ’ಯನ್ನು ತರಗತಿಯಲ್ಲಿ ಓದಿಸುವಾಗ ನಡೆದದ್ದು ಹೇಳುತ್ತೇನೆ. ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತಿದ್ದನ್ನು, ಅವರಲ್ಲೊಬ್ಬ ತನ್ನ ಅಪ್ಪ ಎಂಬುದನ್ನು ಮಗು ಕಾಣುವ ಆ ಪ್ರಸಂಗಕ್ಕೆ ಇಡೀ ತರಗತಿ ತಲೆ ತಗ್ಗಿಸಿತು. ಮುಂದೆ ಬೆಂಗಳೂರಿನ ಹಾಸ್ಟೆಲ್ಲಿನ ದಿನಗಳು ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಕಿಸಕ್ಕನೆ ನಕ್ಕ. ನಾನು ಗದರಿಸಿದೆ, ಇದು ನಗೋ ವಿಷಯವೇನೋ ಅಂದೆ. ಅವನು ಎದ್ದು ನಿಂತು, ‘ಇಲ್ರಿ ಸರ್, ನಮ್ಮ ಕಾಕಾನೂ ತನ್ನ ಹಾಸ್ಟೆಲ್ ಕಥಿ ಹಿಂಗೇ ಹೇಳ್ತಾನ್ರಿ, ನಾವೆಲ್ಲ ಹೊಟ್ಟಿ ಹಿಡಕೊಂಡು ನಗತೀವಿ’ ಅಂದ. ತಪ್ಪು ನನ್ನದೇ ಆಗಿತ್ತು. ಆ ಪುಸ್ತಕ ನಗಿಸಲೆಂದೇ ಬರೆದ ಪುಸ್ತಕವೂ ಹೌದು. ಬಡತನವನ್ನು, ಅವಮಾನವನ್ನು ತುಂಟತನದಿಂದ ಎದುರಿಸಿ ಬದುಕಿದವರ ನಗು ಅದರಲ್ಲಿ ತುಂಬಿದೆ. ಅದನ್ನು ಸರಿಯಾಗಿ ಓದಿದವನು ಆ ಹುಡುಗ. ಬರೀ ಅಳಬೇಕು ಎಂದು ಕಾಯುತ್ತಿದ್ದವನು ಅಧ್ಯಾಪಕನಾದ ನಾನು. ಕೇರಿಯ ಓದುಗ ಆತ್ಮಕಥೆಯಲ್ಲಿ ಹುಡುಕುವುದು ನೋವಿನ ಸುದ್ದಿಯನ್ನಲ್ಲ, ಅದು ಅವನಿಗೆ ಗೊತ್ತೇ ಇದೆ. ‘ಅರೇ, ಇದು ನಮ್ಮ ಮಾತು, ಇದು ಅಚ್ಚಾಗಿ ಬಂದದಲ್ಲ!’ ಎಂಬ ಗುರುತಿನ ಖುಷಿ ಅವನಿಗೆ ಬೇಕು.

ಗಡಿಯಾಚೆಯ ಪ್ರಭಾವವನ್ನು ಬಿಟ್ಟು ನಮ್ಮ ಕಡೆಯ ಓದನ್ನು ಅರ್ಥಮಾಡಿಕೊಳ್ಳಲು ಆಗುವುದಿಲ್ಲ. ಔರಾದ, ಭಾಲ್ಕಿಗಳಿಗೆ ಉದಗೀರ, ದೇಗಲೂರು ಹತ್ತಿರ, ಬೆಂಗಳೂರು ದೂರ. ದಯಾ ಪವಾರರ ‘ಬಲುತ’ (1978), ಲಿಂಬಾಳೆಯವರ ‘ಅಕ್ಕರಮಾಶಿ’ (1984), ಪಕ್ಕದ ಲಾತೂರ ಜಿಲ್ಲೆಯ ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’ (1987) ಇಲ್ಲಿ ಮರಾಠಿ ಬಲ್ಲವರ ಕೈಗೆ ನೇರವಾಗಿಯೇ ಸಿಕ್ಕುವ ಪುಸ್ತಕಗಳು. ಆದರೆ ಕೇರಿಯ ಸಾಮಾನ್ಯ ಓದುಗನ ಬಾಯಲ್ಲಿ ಇವುಗಳಿಗಿಂತ ಹೆಚ್ಚು ಕೇಳುವುದು ಅಣ್ಣಾಭಾವು ಸಾಠೆಯವರ ‘ಫಕೀರಾ’. 1959ರ ಈ ಕಾದಂಬರಿಯ ನಾಯಕ ಮಾಂಗ ಜಾತಿಯ ವೀರ. ಬರಗಾಲದಲ್ಲಿ ಹಸಿದ ಜನಕ್ಕಾಗಿ ಧಾನ್ಯ ಲೂಟಿ ಮಾಡುತ್ತಾನೆ, ಬ್ರಿಟಿಷರಿಗೆ ಎದುರು ನಿಲ್ಲುತ್ತಾನೆ. ವಿಮರ್ಶೆಯ ತಕ್ಕಡಿಯಲ್ಲಿ ಇಟ್ಟರೆ ಇದು ರಮ್ಯ, ಅತಿರಂಜಿತ, ವಾಸ್ತವವಾದದ ಅಳತೆಗೆ ಸಿಗದ್ದು. ಆದರೆ ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತದ ಒಬ್ಬ ಮಾಂಗ, ತನ್ನ ಜನ ಕುದುರೆ ಏರಿದ್ದನ್ನು ಕಾದಂಬರಿಯಾಗಿ ಬರೆದ ಎಂಬುದೇ ಕೇರಿಯ ಓದುಗನಿಗೆ ರೋಮಾಂಚನ. ವೀರರಸ ರಾಜರ ಸೊತ್ತು ಎಂದು ಪಂಪನಿಂದ ಓದುತ್ತ ಬಂದವರಿಗೆ ಈ ರೋಮಾಂಚನ ಅಗ್ಗ ಅನ್ನಿಸಬಹುದು. ಸಾವಿರ ವರ್ಷ ಆ ರಸದ ಪಾಲು ಸಿಗದವರಿಗೆ ಅಗ್ಗವಲ್ಲ.

ಇನ್ನು ಹಾಡು. ನಮ್ಮ ಕೇರಿಯ ಮೊದಲ ಪ್ರಕಾರ ಯಾವುದು ಅಂದರೆ ಹಾಡು. ಏಪ್ರಿಲ್ 14 ಬಂತೆಂದರೆ ಓಣಿಯಲ್ಲಿ ವಾಮನದಾದಾ ಕರ್ಡಕರ ಪದ, ಪ್ರಲ್ಹಾದ ಶಿಂದೆ, ಆನಂದ ಶಿಂದೆಯವರ ದನಿ. ಮೊಹರಂ ಬಂದರೆ ರಿವಾಯತ್ ಪದ. ಅಮಾವಾಸ್ಯೆಗೆ ಏಕತಾರಿ ಹಿಡಿದು ತತ್ವಪದ. ಮಹಾರಾಷ್ಟ್ರದಲ್ಲಿ ಹೇಮಾ ರಾಯರಕರ ಮತ್ತು ಗೀ ಪ್ವಾತ್ವಾ ಹಳ್ಳಿ ಹೆಣ್ಣುಮಕ್ಕಳ ಬೀಸುವ ಪದಗಳನ್ನು ಒಂದು ಲಕ್ಷಕ್ಕೂ ಮಿಕ್ಕಿ ಸಂಗ್ರಹಿಸಿದರು. ಅವುಗಳಲ್ಲಿ ಬಾಬಾಸಾಹೇಬರನ್ನು ಮನೆಯ ಮಗನಂತೆ, ಅಣ್ಣನಂತೆ ಹಾಡಿದ ಓವಿಗಳಿವೆ. ಅಕ್ಷರ ಬಾರದವರು ಅಂಬೇಡ್ಕರರನ್ನು ‘ಓದಿದ್ದು’ ಹೀಗೆ. ಕನ್ನಡದಲ್ಲಿಯೂ 1975ರ ‘ಹೊಲೆಮಾದಿಗರ ಹಾಡು’ ತನ್ನ ಹೆಸರಿನಲ್ಲೇ ಪ್ರಕಾರವನ್ನು ಹೇಳಿಕೊಂಡು ಬಂತು. ಪುಸ್ತಕ ಕಂಡಿಲ್ಲದ ಸಾವಿರಾರು ಜನ ಮೆರವಣಿಗೆಯಲ್ಲಿ ಅದನ್ನು ಹಾಡಿದರು. ವಿಮರ್ಶಕರು ಇದು ಘೋಷಣೆಯೋ ಕಾವ್ಯವೋ ಎಂದು ಜಗ್ಗಾಡುತ್ತ ಕೂತರು. ಹಾಡಿದವರಿಗೆ ಆ ಸಮಸ್ಯೆಯೇ ಇರಲಿಲ್ಲ. ಒಬ್ಬನೇ ಕೂತು ಓದುವ ಸುಖ ಬೇರೆ, ನೂರು ಜನ ಒಂದೇ ದನಿಯಲ್ಲಿ ಊರ ನಡುವಿನ ರಸ್ತೆಯಲ್ಲಿ ಹಾಡುವ ಸುಖ ಬೇರೆ. ಎರಡನೆಯದರಲ್ಲಿ ಹೆದರಿಕೆ ಬಿಡುತ್ತದೆ. ‘ಕವಿರಾಜಮಾರ್ಗ’ ಕನ್ನಡ ನಾಡಿನ ಜನ ಓದು ಕಲಿಯದೆಯೂ ಕಾವ್ಯದಲ್ಲಿ ನುರಿತವರು ಎಂದು ಹೊಗಳಿದ್ದನ್ನು ನಾವು ಪ್ರತಿ ನವೆಂಬರಿನಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆ ಜನರಲ್ಲಿ ಹೊಲೆಮಾದಿಗರೂ ಇದ್ದಾರೆಂದು ನಂಬಿದ್ದರೆ ಅವರ ಹಾಡಿನ ರುಚಿಯನ್ನೂ ಕೇಳುತ್ತಿದ್ದೆವು.

ಕೇರಿಯ ಇಷ್ಟವೆಲ್ಲ ಸರಿ ಅಂತ ಕೈ ಮುಗಿಯಬೇಕಾಗಿಲ್ಲ. ಹಾಡು ಎಷ್ಟೋ ಸಲ ಬಾಬಾಸಾಹೇಬರನ್ನು ದೇವರ ಗುಡಿಯಲ್ಲಿ ಕೂಡಿಸಿಬಿಡುತ್ತದೆ, ಅವರ ಪುಸ್ತಕ ತೆರೆಯುವ ಕೆಲಸ ಉಳಿದುಬಿಡುತ್ತದೆ. ಡಿಜೆಯ ಅಬ್ಬರದಲ್ಲಿ ಪದದ ಅರ್ಥವೇ ಕೇಳಿಸದ ದಿನಗಳಿವೆ. ಫಕೀರಾನಂಥ ಗಂಡಿನ ವೀರಕಥೆಯಲ್ಲಿ ಹೆಣ್ಣುಮಗಳಿಗೆ ಸಿಗುವ ಜಾಗ ಎಷ್ಟು ಅಂತ ಕೇಳಲೇಬೇಕು. ಬೇಬಿ ಕಾಂಬಳೆ, ಊರ್ಮಿಳಾ ಪವಾರರಂಥವರು ತಮ್ಮ ಮನೆಯೊಳಗಿನ ಗಂಡಾಳಿಕೆಯನ್ನೂ ಬರೆಯಬೇಕಾಗಿ ಬಂದದ್ದು ಈ ಕೊರತೆಯಿಂದಲೇ. ಇಷ್ಟವನ್ನು ವಿಮರ್ಶಿಸೋಣ. ವಿಮರ್ಶಿಸುವ ಮೊದಲು ಅದು ಇದೆ ಎಂದಾದರೂ ಒಪ್ಪೋಣ.

ಒಪ್ಪದೆ ಹೋದದ್ದರಿಂದ ಆದ ನಷ್ಟ ಸಣ್ಣದಲ್ಲ. ದಲಿತ ಲೇಖಕನಿಂದ ಸಾಹಿತ್ಯ ಲೋಕ ಇವತ್ತು ಒಂದೇ ಪ್ರಕಾರವನ್ನು ಕೇಳುತ್ತಿದೆ: ನಿನ್ನ ನೋವು ಬರಿ. ನಾನು ಒಮ್ಮೆ ಪತ್ತೇದಾರಿ ಧಾಟಿಯ ಕಥೆಯೊಂದನ್ನು ಪತ್ರಿಕೆಗೆ ಕಳಿಸಿದ್ದೆ. ಇದರಲ್ಲಿ ನಿಮ್ಮ ಅನುಭವ ಎಲ್ಲಿದೆ ಎಂಬ ಪ್ರಶ್ನೆಯೊಂದಿಗೆ ತಿರುಗಿ ಬಂತು. ನಮ್ಮ ಕಲಬುರಗಿ ಸೀಮೆಯ ಚೆನ್ನಣ್ಣ ವಾಲೀಕಾರರು ಕವಿತೆ, ನಾಟಕ, ಕಾದಂಬರಿ ಎಲ್ಲ ಬರೆದು ‘ವ್ಯೋಮಾವ್ಯೋಮ’ ಎಂಬ ಮಹಾಕಾವ್ಯವನ್ನೇ ಬರೆದರು. 2019ರಲ್ಲಿ ಅವರು ತೀರಿಕೊಂಡರು. ದಲಿತ ಕವಿಯೊಬ್ಬನಿಗೆ ಮಹಾಕಾವ್ಯದ ಹಂಬಲ ಯಾಕೆ ಬಂತು ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆ ಇನ್ನೂ ಗಟ್ಟಿಯಾಗಿ ಎತ್ತಿಕೊಳ್ಳಬೇಕಾಗಿದೆ. ಕೇರಿಗೆ ಎಲ್ಲ ಪ್ರಕಾರವೂ ಬೇಕು ಎಂಬ ಉತ್ತರ ಅವರ ಬರವಣಿಗೆಯಲ್ಲೇ ಇದೆ.

ಕೊನೆಗೆ ಆ ಹುಡುಗಿಯನ್ನೇ ಕರೆದು ಕೇಳಿದೆ. ಯಾಕವ್ವ, ದೆವ್ವದ ಕಥೆಯಲ್ಲಿ ಅಂಥದ್ದೇನದ? ಅವಳು ಸ್ವಲ್ಪ ನಾಚಿಕೊಂಡಳು. ‘ನಮ್ಮ ಆಯಿ ಹೇಳ್ತಿದ್ಲರಿ. ಹುಣಸಿ ಗಿಡದಾಗ ದೆವ್ವ ಕುಂತಿರ್ತದ್ರಿ. ಅದಕ್ಕ ಜಾತಿ ಗೊತ್ತಿಲ್ರಿ ಸರ್. ಅದು ಬಂತಂದ್ರ ಪಾಟೀಲ್ರೂ ಧೋತ್ರ ಎತ್ತಿ ಹಿಡಿದು ಓಡ್ತಾರ, ನಮ್ಮ ಓಣಿಗೇ ಬಂದು ಬಾಗಿಲು ತೆರಿರಿ ಅಂತಾರ.’

ರಸದ ಬಗ್ಗೆ, ಪ್ರಕಾರದ ಬಗ್ಗೆ ನಾನು ಎಂ.ಎ.ಯಲ್ಲಿ ಎರಡು ವರ್ಷ ಓದಿದ್ದೆ. ಪಾಟೀಲರು ಕೇರಿಯ ಬಾಗಿಲು ಬಡಿಯುವ ಆ ಕಥೆಯನ್ನು ಅವಳ ಆಯಿ ಯಾವ ಕಾಲದಿಂದ ಹೇಳುತ್ತಿದ್ದಳೋ. ಮುಂದಿನ ಸಲ ಆ ಪಾಠ ಮಾಡುವಾಗ ಮೊದಲು ಚೀಟಿ ಕೊಡುತ್ತೇನೆ, ಪಾಠ ಆಮೇಲೆ.