ಮುಂದಿನ ಸೀಟಿನಲ್ಲಿ ಕೂತವರು ಯಾರು?

‘ಟಾಪ್ ಗನ್: ಮ್ಯಾವರಿಕ್’ ನೋಡಿ ಬಂದವರಲ್ಲಿ ಹೆಚ್ಚಿನವರು ಹೇಳುವ ಮೊದಲ ಮಾತು, ಅದರಲ್ಲಿ ಎಲ್ಲವೂ ಒರಿಜಿನಲ್ ಎಂದು. ಮಾತು ಪೂರ್ತಿ ಸರಿಯಲ್ಲ. ಶತ್ರುಪಾಳಯದ ವಿಮಾನಗಳು ಕಂಪ್ಯೂಟರಿನಲ್ಲಿ ಹುಟ್ಟಿದವು. ವಿಷುವಲ್ ಎಫೆಕ್ಟ್ಸ್ ವಿಭಾಗದಲ್ಲೂ ಚಿತ್ರ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು. ಆದರೂ 2022ರಲ್ಲಿ ತೆರೆಕಂಡು ಸುಮಾರು 150 ಕೋಟಿ ಡಾಲರ್ ಗಳಿಸಿದ ಈ ಚಿತ್ರದ ಬಗ್ಗೆ ಅಂಥ ನಂಬಿಕೆ ಬೇರೂರಲು ಕಾರಣವಿದೆ. ಅದರ ನಟರ ಮುಖಗಳು ಸುಳ್ಳು ಹೇಳುವುದಿಲ್ಲ. ನನ್ನ ತಕರಾರಿರುವುದೂ ಮುಖಗಳ ವಿಷಯದಲ್ಲೇ. ಚಿತ್ರ ಯಾರ ಮುಖ ತೋರಿಸುತ್ತದೆ, ಯಾರದನ್ನು ಮುಚ್ಚಿಡುತ್ತದೆ ಎಂದು ಗಮನಿಸುತ್ತ ಹೋದರೆ ಅದರ ಕಸುವೂ ಟೊಳ್ಳೂ ಒಂದೇ ಕಡೆ ಸಿಗುತ್ತವೆ.

ಮೊದಲು ಕಸುವಿನ ಮಾತು. 1986ರ ಮೂಲ ‘ಟಾಪ್ ಗನ್’ನಲ್ಲಿ ಟೋನಿ ಸ್ಕಾಟ್ ಆಕಾಶವನ್ನು ಚೆನ್ನಾಗಿಯೇ ತೋರಿಸಿದ್ದರು, ನಟರ ಕಾಕ್‌ಪಿಟ್ ದೃಶ್ಯಗಳನ್ನು ಮಾತ್ರ ಬಹುಪಾಲು ನೆಲದ ಮೇಲೆಯೇ ತೆಗೆಯಬೇಕಾಯಿತು. ಹೊಸ ಚಿತ್ರದ ನಿರ್ದೇಶಕ ಜೋಸೆಫ್ ಕೊಸಿನ್‌ಸ್ಕಿ, ಛಾಯಾಗ್ರಾಹಕ ಕ್ಲಾಡಿಯೊ ಮಿರಾಂಡಾ ಇಬ್ಬರೂ ಎಫ್/ಎ-18 ಸೂಪರ್ ಹಾರ್ನೆಟ್ ಯುದ್ಧವಿಮಾನದ ಇಕ್ಕಟ್ಟಾದ ಕಾಕ್‌ಪಿಟ್ಟಿನಲ್ಲಿ ಆರು ಕ್ಯಾಮೆರಾ ಕೂರಿಸಿದರು. ನಟರಿಗೆ, ಮ್ಯಾವರಿಕ್ ಪಾತ್ರ ಮಾಡಿದ ಟಾಮ್ ಕ್ರೂಸ್ ತಾವೇ ತರಬೇತಿಯ ಕ್ರಮ ರೂಪಿಸಿದರು: ಮೊದಲು ಸಣ್ಣ ಸೆಸ್ನಾ, ಆಮೇಲೆ ಪಲ್ಟಿ ಹೊಡೆಯುವ ಎಕ್ಸ್‌ಟ್ರಾ 300, ಬಳಿಕ ಎಲ್-39 ಜೆಟ್, ಕೊನೆಗೆ ಹಾರ್ನೆಟ್. ಆಕಾಶದಲ್ಲಿ ಪಕ್ಕದಲ್ಲಿ ನಿರ್ದೇಶಕರಿಲ್ಲ, ಮೇಕಪ್ ಮಾಡುವವರಿಲ್ಲ. ಕ್ಯಾಮೆರಾ ಆನ್ ಮಾಡುವುದೂ ಬೆಳಕು ಎತ್ತ ಬೀಳುತ್ತಿದೆ ಎಂದು ನೋಡಿಕೊಳ್ಳುವುದೂ ನಟರದೇ ಕೆಲಸ.

ಫಲ ತೆರೆಯ ಮೇಲಿದೆ. 7 ಜಿ, ಅಂದರೆ ಗುರುತ್ವದ ಏಳು ಪಟ್ಟು ಒತ್ತಡ ಬಿದ್ದಾಗ 70 ಕಿಲೋ ತೂಗುವವನ ಮೈ 490 ಕಿಲೋ ಭಾರವಾಗುತ್ತದೆ. ರಕ್ತ ತಲೆಯಿಂದ ಕಾಲಿನತ್ತ ಇಳಿಯುತ್ತದೆ. ತೊಡೆ, ಹೊಟ್ಟೆ ಬಿಗಿಹಿಡಿದು, ಉಸಿರು ಕಟ್ಟಿ ಕಟ್ಟಿ ಬಿಡದಿದ್ದರೆ ಕಣ್ಣಿಗೆ ಕತ್ತಲೆ ಕವಿದು ಎಚ್ಚರ ತಪ್ಪುತ್ತದೆ. ಕೆನ್ನೆಯ ಚರ್ಮ ಜೋತು ಬೀಳುವುದು, ಕಣ್ಣ ರೆಪ್ಪೆ ಎತ್ತಲಾಗದೆ ಒದ್ದಾಡುವುದು, ಕತ್ತು ಹೊರಳಿಸಲು ತಿಣುಕುವುದು, ಇವನ್ನು ನಟಿಸಿ ತೋರಿಸಲಾಗದು. ಜೊತೆಗೆ ಚಿತ್ರಕ್ಕೆ ಕತೆ ಹೇಳುವ ಶಿಸ್ತೂ ಇದೆ. ಶತ್ರುದೇಶದ ಸ್ಥಾವರವೊಂದನ್ನು ನಾಶಮಾಡಲು ಪೈಲಟ್‌ಗಳು ಕಣಿವೆಯೊಳಗೆ ಎರಡೂವರೆ ನಿಮಿಷದಲ್ಲಿ ನುಗ್ಗಬೇಕು, ರಾಡಾರಿಗೆ ಕಾಣದಷ್ಟು ಕೆಳಗೆ ಹಾರಬೇಕು, ಬಾಂಬು ಹಾಕಿದ ಮರುಕ್ಷಣ ಕಡಿದಾದ ಬೆಟ್ಟ ಏರಬೇಕು. ಇದನ್ನು ತರಬೇತಿಯಲ್ಲಿ ಮತ್ತೆ ಮತ್ತೆ ತೋರಿಸಿ, ಒಬ್ಬೊಬ್ಬರೂ ಎಡವುವುದನ್ನು ತೋರಿಸಿ, ಕೊನೆಯ ದಾಳಿಯ ಹೊತ್ತಿಗೆ ಪ್ರೇಕ್ಷಕನಿಗೂ ದಾರಿ ಬಾಯಿಪಾಠ ಆಗಿರುವಂತೆ ಮಾಡುತ್ತಾರೆ. 800 ಗಂಟೆಗೂ ಮಿಕ್ಕಿದ ಚಿತ್ರೀಕರಣದಿಂದ ಇಷ್ಟು ಸ್ಪಷ್ಟತೆ ಹೆಕ್ಕಿದ ಸಂಕಲನಕಾರ ಎಡ್ಡಿ ಹ್ಯಾಮಿಲ್ಟನ್ ಚಿತ್ರದ ಅರ್ಧ ಯಶಸ್ಸಿಗೆ ಹಕ್ಕುದಾರರು.

ಇನ್ನು ಕಾಣದ ಮುಖಗಳು. ನಟರು ಕೂತದ್ದು ಹಿಂದಿನ ಸೀಟಿನಲ್ಲಿ. ಮುಂದೆ ಕೂತು ವಿಮಾನ ಹಾರಿಸಿದವರು ಅಮೆರಿಕದ ನೌಕಾಪಡೆಯ ಪೈಲಟ್‌ಗಳು. ಬೇರೆ ವಿಮಾನ ಹಾರಿಸಲು ಬಲ್ಲ ಕ್ರೂಸ್‌ಗೂ ಹಾರ್ನೆಟ್ ನಡೆಸಲು ನೌಕಾಪಡೆ ಒಪ್ಪಲಿಲ್ಲ. ಈ ದಾಳಿಗೆ ಎಫ್-35 ವಿಮಾನ ಯಾಕೆ ಬೇಡ ಎಂಬುದಕ್ಕೆ ಕತೆಯಲ್ಲಿ ಕೊಡುವ ಕಾರಣ, ಅಲ್ಲಿ ಜಿಪಿಎಸ್ ಕೆಲಸ ಮಾಡದು ಎಂದು. ಕ್ಯಾಮೆರಾಕ್ಕಿರುವ ಕಾರಣ ಇನ್ನೂ ಸರಳ: ಎಫ್-35ಗೆ ಇರುವುದು ಒಂದೇ ಸೀಟು, ನಟನಿಗೆ ಜಾಗವೇ ಇಲ್ಲ. ಪೈಲಟ್‌ಗಳ ಸಾಹಸವನ್ನು ಕೊಂಡಾಡುವ ಚಿತ್ರದಲ್ಲಿ, ಕಣಿವೆಯ ಬಂಡೆಗಳ ನಡುವೆ ವಿಮಾನ ನುಗ್ಗಿಸಿದ ಪೈಲಟ್‌ಗಳ ಮುಖ ಒಮ್ಮೆಯೂ ಕಾಣುವುದಿಲ್ಲ. ಸಿನಿಮಾ ಎಂದರೆ ಹಾಗೆಯೇ ಎಂದು ಇದನ್ನು ಬಿಟ್ಟುಬಿಡಬಹುದು. ಬಿಡಲಾಗದ್ದು ಎದುರಾಳಿಯ ಮುಖ.

1986ರಲ್ಲಿ ‘ಮಿಗ್-28’ ಎಂಬ, ಎಲ್ಲೂ ಇಲ್ಲದ ವಿಮಾನವನ್ನು ಕಲ್ಪಿಸಿ, ಅಮೆರಿಕದ್ದೇ ಎಫ್-5ಗೆ ಕಪ್ಪು ಬಣ್ಣ ಬಳಿದು ತೋರಿಸಿದ್ದರು. ಹಾರಿಸುವವರ ಹೆಲ್ಮೆಟ್ಟಿಗೆ ಕಪ್ಪು ಗಾಜು. 36 ವರ್ಷ ಕಳೆದರೂ ಆ ಗಾಜು ಸರಿದಿಲ್ಲ. ಹೊಸ ಚಿತ್ರದಲ್ಲೂ ಶತ್ರುದೇಶಕ್ಕೆ ಹೆಸರಿಲ್ಲ, ಭಾಷೆಯಿಲ್ಲ, ಬಾವುಟವಿಲ್ಲ. ಅದರ ವಿಮಾನ ಮಾತ್ರ, 2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾಕ್ಕೆ ಬಂದಿದ್ದ ರಷ್ಯಾದ ಸು-57 ನೋಡಿದ ಬೆಂಗಳೂರಿಗರು ಥಟ್ಟನೆ ಗುರುತು ಹಿಡಿಯುವಷ್ಟು ಅದನ್ನು ಹೋಲುತ್ತದೆ. ಅಲ್ಲಿನ ನೆಲೆಯಲ್ಲಿ ಹಳೆಯ ಎಫ್-14 ಕೂಡ ನಿಂತಿರುತ್ತದೆ. ಅಮೆರಿಕ ಬಿಟ್ಟರೆ ಆ ವಿಮಾನ ಕೊಂಡಿದ್ದ ದೇಶ ಇರಾನ್ ಒಂದೇ. ಸುಳಿವು ಇಷ್ಟೆಲ್ಲ ಕೊಟ್ಟು, ಹೆಸರು ಹೇಳುವ ಹೊಣೆಯಿಂದ ಜಾರಿಕೊಳ್ಳುವುದು ಜಾಣತನ. ಎಲ್ಲ ದೇಶಗಳಲ್ಲೂ ಟಿಕೆಟ್ ಮಾರಬೇಕಲ್ಲ!

ಜಾಣತನ ಇನ್ನೂ ಮುಂದೆ ಹೋಗುತ್ತದೆ. ಗುರಿ ಯುರೇನಿಯಂ ಸಂಸ್ಕರಿಸುವ ಸ್ಥಾವರ. ಯುರೇನಿಯಂ ನಿರೀಕ್ಷೆಗಿಂತ ಬೇಗ ಬಂದು ಸೇರಲಿದೆ ಎಂದು ತಿಳಿದ ಕೂಡಲೇ ದಾಳಿಯನ್ನೂ ಮೊದಲೇ ನಡೆಸಲು ನಿರ್ಧರಿಸುತ್ತಾರೆ. ಕಣಿವೆಗೆ ವಿಕಿರಣ ತಾಗಬಾರದಂತೆ! ಪಕ್ಕದ ವಾಯುನೆಲೆಯ ಮೇಲೆ ಅದೇ ಹೊತ್ತಿಗೆ ಕ್ರೂಸ್ ಕ್ಷಿಪಣಿಗಳು ಬೀಳುತ್ತವೆ. ರನ್‌ವೇ ಹೋಳಾಗುವುದು ಕಾಣುತ್ತದೆ. ಸತ್ತವರ ಬಗ್ಗೆ ಒಂದು ಮಾತೂ ಇಲ್ಲ. ಕಣಿವೆಯ ಗಿಡಮರಗಳಿಗೆ ಸಿಕ್ಕ ಕಾಳಜಿ ಸ್ಥಾವರದೊಳಗೆ ಕೆಲಸಕ್ಕಿದ್ದವರಿಗೆ ಸಿಗಲಿಲ್ಲ. ಎರಡೂ ಚಿತ್ರಗಳು ತಯಾರಾದದ್ದು ಪೆಂಟಗನ್ನಿನ ಸಹಕಾರದಿಂದ. ಅಂಥ ಸಹಕಾರ ಬೇಕಾದವರು ಚಿತ್ರಕಥೆಯನ್ನು ಮೊದಲೇ ಅವರಿಗೆ ತೋರಿಸಬೇಕು. ವಿಮಾನ ಕೊಟ್ಟವರು ಮಸೂರದ ದಿಕ್ಕನ್ನೂ ಸ್ವಲ್ಪ ನಿರ್ಧರಿಸಿದರೆ ಅದರಲ್ಲಿ ಅಚ್ಚರಿಯೇನಿಲ್ಲ.

ನಿಜವಾದ ಮೈಯನ್ನು ಪ್ರಾಮಾಣಿಕವಾಗಿ ತೋರಿಸುವುದು ಈ ತಂಡಕ್ಕೆ ಗೊತ್ತಿಲ್ಲವೆಂದಲ್ಲ. ಮ್ಯಾವರಿಕ್‌ನ ಹಳೆಯ ಸ್ನೇಹಿತ ಐಸ್‌ಮ್ಯಾನ್‌ನ ಪಾತ್ರ ಮಾಡಿದ ವಾಲ್ ಕಿಲ್ಮರ್ ಗಂಟಲಿನ ಕ್ಯಾನ್ಸರ್‌ನಿಂದ ದನಿ ಕಳೆದುಕೊಂಡಿದ್ದರು. ಚಿತ್ರದಲ್ಲೂ ಐಸ್‌ಮ್ಯಾನ್ ಮಾತುಗಳನ್ನು ಟೈಪ್ ಮಾಡಿಯೇ ತೋರಿಸುತ್ತಾನೆ. ಕೊನೆಗೆ ಕಷ್ಟಪಟ್ಟು ಎದ್ದು ನಾಲ್ಕು ಮಾತು ಆಡುತ್ತಾನೆ. ಒಂದು ಕೋಣೆ, ಇಬ್ಬರು ವಯಸ್ಸಾದ ಸ್ನೇಹಿತರು. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಸಾಚಾ ಅನ್ನಿಸಿದ್ದು ಈ ಭಾಗ. ಸಾವು ಇಲ್ಲಿ ಹತ್ತಿರದಲ್ಲೇ ಇದೆ, ಅದಕ್ಕೊಂದು ಮುಖವೂ ಇದೆ.

ಶತ್ರುವಿಗೆ ಹೆಸರು ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತಿತ್ತೇ? ಇಲ್ಲ ಎನ್ನಲು ನಮ್ಮಲ್ಲೇ ಸಾಕ್ಷಿಯಿದೆ. 2024ರ ಜನವರಿಯಲ್ಲಿ ಬಂದ ಸಿದ್ಧಾರ್ಥ್ ಆನಂದ್ ಅವರ ಹಿಂದಿ ಚಿತ್ರ ‘ಫೈಟರ್’ ಪುಲ್ವಾಮಾ, ಬಾಲಾಕೋಟ್‌ಗಳ ಸುತ್ತ ಕತೆ ಹೆಣೆಯಿತು. ಅಲ್ಲಿ ಪಾಕಿಸ್ತಾನದ ಹೆಸರು ನೇರವಾಗಿದೆ, ಖಳನಿಗೆ ಕೆಂಪು ಕಣ್ಣಿನ ಮುಖವೂ ಇದೆ. ಆದರೆ ಆ ಮುಖ ದ್ವೇಷಿಸಲೆಂದೇ ಮಾಡಿದ ಮುಖವಾಡ. ಆಕಾಶದ ಕಾಳಗ ಬಹುಪಾಲು ಕಂಪ್ಯೂಟರಿನದು, ಹಾಗಾಗಿ ಹೃತಿಕ್ ರೋಷನ್‌ರ ವಿಮಾನ ಎಷ್ಟು ತಿರುಗಿದರೂ ನಮ್ಮ ಹೊಟ್ಟೆ ತೊಳಸುವುದಿಲ್ಲ. ಹಾಲಿವುಡ್ಡಿನದು ಮೈ ನಿಜ, ಯುದ್ಧ ಸುಳ್ಳು; ಇಲ್ಲಿ ಎರಡೂ ಕೈಗೆ ಸಿಗಲಿಲ್ಲ.

ಕೊನೆಗೆ ನೋಡಿದರೆ ‘ಮ್ಯಾವರಿಕ್’ ಒಂದು ಕ್ರೀಡಾಚಿತ್ರ. ಅದರಲ್ಲಿ ಕೋಚ್ ಇದ್ದಾನೆ, ತಂಡದ ಆಯ್ಕೆ ಇದೆ, ಕಡಲತೀರದ ಫುಟ್‌ಬಾಲ್ ಇದೆ, ಗಡಿಯಾರಕ್ಕೆ ಎದುರಾಗಿ ಓಟವಿದೆ, ಗೆದ್ದಮೇಲೆ ಸಂಭ್ರಮವಿದೆ. ಆ ಲೆಕ್ಕದಲ್ಲಿ ನೋಡಿದರೆ ಇದಕ್ಕೆ ಸಾಟಿಯಾದ ಚಿತ್ರ ಇತ್ತೀಚೆಗೆ ಬಂದಿಲ್ಲ, ದೊಡ್ಡ ತೆರೆಯಲ್ಲೇ ನೋಡಬೇಕು. ಯುದ್ಧದ ಚಿತ್ರವೆಂದು ಮಾತ್ರ ಒಪ್ಪಲಾರೆ. ಇದನ್ನು ಮೀರಿಸಬೇಕೆಂದು ಹೊರಟ ನಮ್ಮ ನಿರ್ದೇಶಕರು ಕಾಕ್‌ಪಿಟ್ಟಿಗೆ ಏಳನೇ ಕ್ಯಾಮೆರಾ ಸೇರಿಸುವುದು ಬೇಡ. ಬಾಂಬು ಬಿದ್ದ ಜಾಗಕ್ಕೆ ಒಂದು ಕ್ಯಾಮೆರಾ ಕಳಿಸಲಿ.