ತೂತು ಬಿದ್ದ ಕೀರ್ತಿ

ಹಳೇ ಕಾರಿನ ಚಕ್ರದ ಸಂದಿಯಲ್ಲಿ ತೂತುತೂತಿನ ಬ್ರೇಕ್ ಡಿಸ್ಕ್ ಮಿಂಚಿದರೆ ನಮ್ಮ ಕಾರುಪ್ರಿಯರ ಮೈ ಜುಮ್ಮೆನ್ನುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದು, 1990ರ ದಶಕದ ಎಸ್ಟೀಮ್‌ಗೆ ಅಂಥದೊಂದು ಜೋಡಿ ಹಾಕಿಸಿ, ‘ಬ್ರೇಕ್ ಅಪ್‌ಗ್ರೇಡ್ ಮಾಡಿಸಿದೆ’ ಎನ್ನುವುದು ಈಗ ಒಂದು ಬಿರುದು. ನನಗಂತೂ ಇದು ಬಹುಪಾಲು ಒಡವೆ.

ಗಾಡಿಯನ್ನು ಕೊನೆಗೂ ನಿಲ್ಲಿಸುವುದು ಟೈರು. ಹಳೇ ಬ್ರೇಕೇ ಚಕ್ರವನ್ನು ಲಾಕ್ ಮಾಡುವಷ್ಟು ಗಟ್ಟಿಯಿದ್ದರೆ, ಡಿಸ್ಕ್ ಎಷ್ಟೇ ದೊಡ್ಡದಾದರೂ ಒಂದೇ ಸಲದ ಬ್ರೇಕಿಗೆ ಕಾರು ಮೊದಲಿಗಿಂತ ಬೇಗ ನಿಲ್ಲದು. ದೊಡ್ಡ ಡಿಸ್ಕಿನ ಲಾಭವಿರುವುದು ಬಿಸಿ ತಾಳುವುದರಲ್ಲಿ. 1,000 ಕೆ.ಜಿ. ತೂಗುವ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲುವಾಗ ಸುಮಾರು 385 ಕಿಲೋಜೂಲ್ ಶಕ್ತಿ ಶಾಖವಾಗಬೇಕು. ಅದನ್ನು ಮೊದಲು ನುಂಗುವುದು ಎರಕದ ಕಬ್ಬಿಣದ ತೂಕ. ತೂತು ಕೊರೆದರೆ ಆ ತೂಕವೇ ಇಳಿಯುತ್ತದೆ, ಬಿರುಕು ಏಳುವುದೂ ತೂತಿನ ಅಂಚಿನಿಂದಲೇ. ಕಾದಾಗ ಅನಿಲ ಉಗುಳುತ್ತಿದ್ದ ಹಿಂದಿನ ಪ್ಯಾಡ್‌ಗಳ ಕಾಲದಲ್ಲಿ ರೇಸಿನವರಿಗೆ ತೂತು ಬೇಕಿತ್ತು. ಮಳೆಯಲ್ಲಿ ನೀರು ಬೇಗ ಜಾರಿಹೋಗುತ್ತದೆ ಎಂಬುದನ್ನೂ ಒಪ್ಪೋಣ. ಅಷ್ಟೇ.

ಇಷ್ಟೆಲ್ಲ ಖರ್ಚು ಮಾಡುವವರು ಕಡೆಗಣಿಸುವುದು ಡಿಸ್ಕ್ ಕೂರುವ ಜಾಗವನ್ನು. ಹಳೇ ಡಿಸ್ಕನ್ನು ಸುತ್ತಿಗೆಯಿಂದ ಬಡಿದು ಕಿತ್ತಾಗ ಹಬ್‌ನ ಮುಖದ ಮೇಲೆ ತುಕ್ಕಿನ ಹಕ್ಕಳೆ ಉಳಿದಿರುತ್ತದೆ. ಬಟ್ಟೆಯಲ್ಲಿ ಒರೆಸಿ ಹೊಸದನ್ನು ಕೂರಿಸುತ್ತಾರೆ. ಒಂದು ಬದಿಯಲ್ಲಿ 0.05 ಮಿ.ಮೀ. ದಪ್ಪದ ಹಕ್ಕಳೆ ಸಿಕ್ಕಿಕೊಂಡಿತೆನ್ನಿ, ಡಿಸ್ಕ್ ಅಷ್ಟು ಓರೆಯಾಗುತ್ತದೆ. ಹಬ್‌ಗಿಂತ ಡಿಸ್ಕ್ ಅಗಲವಾದ್ದರಿಂದ ಹೊರ ಅಂಚಿನಲ್ಲಿ ಆ ಓರೆ ಹೆಚ್ಚುಕಡಿಮೆ ಇಮ್ಮಡಿ. ಹಲವು ತಯಾರಕರು ಒಪ್ಪುವ ಮಿತಿಯೇ 0.1 ಮಿ.ಮೀ. ಆಸುಪಾಸು. ಮೊದಲ ದಿನ ಏನೂ ಗೊತ್ತಾಗುವುದಿಲ್ಲ, ಪೆಡಲ್ ಬೆಣ್ಣೆಯಂತಿರುತ್ತದೆ. ಆದರೆ ಬ್ರೇಕ್ ಒತ್ತದಿದ್ದಾಗಲೂ ಓರೆಯಾದ ಭಾಗ ಪ್ರತಿ ಸುತ್ತಿನಲ್ಲೂ ಪ್ಯಾಡಿಗೆ ಸವರಿಕೊಂಡು ಹೋಗುತ್ತದೆ, ಅಲ್ಲಿ ಮಾತ್ರ ಸವೆಯುತ್ತದೆ. ಕೆಲವು ಸಾವಿರ ಕಿ.ಮೀ. ಆದಮೇಲೆ ಡಿಸ್ಕಿನ ದಪ್ಪವೇ ಏರುಪೇರಾಗಿ ಪೆಡಲ್ ಕಾಲಿನಡಿ ಮಿಡಿಯತೊಡಗುತ್ತದೆ. ಅಷ್ಟರಲ್ಲಿ ಬಿಲ್ಲೂ ಕಳೆದಿರುತ್ತದೆ, ಮೆಕ್ಯಾನಿಕ್ಕಿನ ತಪ್ಪೂ ಮರೆತಿರುತ್ತದೆ. ‘ಡಿಸ್ಕ್ ಬೆಂಡ್ ಆಗಿದೆ ಸಾರ್, ಮಾಲು ಡೂಪ್ಲಿಕೇಟು’ ಎಂಬ ತೀರ್ಪು ಬರುತ್ತದೆ. ನನಗೂ ಬಂದಿತ್ತು. ಲೇಥ್‌ಗೆ ಕೊಟ್ಟು ಎರಡು ಸಲ ಫೇಸಿಂಗ್ ಮಾಡಿಸಿದೆ. ತುಕ್ಕಿದ್ದದ್ದು ಹಬ್‌ನಲ್ಲಿ, ತೆಳುವಾದದ್ದು ಡಿಸ್ಕು.

ಈ ‘ಬೆಂಡ್’ ಮಾತಿಗೆ ಓದಿಕೊಂಡವರ ಬಳಿ ಇನ್ನೊಂದು ಉತ್ತರ ಸಿದ್ಧವಿದೆ. ಅಮೆರಿಕದ ರೇಸ್ ಎಂಜಿನಿಯರ್ ಕ್ಯಾರಲ್ ಸ್ಮಿತ್, ಡಿಸ್ಕ್ ಡೊಂಕಾಗುತ್ತದೆ ಎಂಬುದೇ ಮಿಥ್ಯೆ, ಪ್ಯಾಡಿನ ವಸ್ತು ಡಿಸ್ಕಿಗೆ ಏರುಪೇರಾಗಿ ಅಂಟಿಕೊಳ್ಳುವುದೇ ಕಾರಣ ಎಂದು ವಾದಿಸಿದ್ದರು. ನಮ್ಮ ಪಂಡಿತರು ಇದನ್ನು ಮಂತ್ರ ಮಾಡಿಕೊಂಡಿದ್ದಾರೆ: ‘ಬೆಡ್ಡಿಂಗ್ ಮಾಡಿ, ಎಲ್ಲ ಸರಿಹೋಗುತ್ತದೆ.’ ಕೆಂಪಗೆ ಕಾಯುವ ರೇಸಿನ ಡಿಸ್ಕಿನ ಮಾತನ್ನು ವಾರವಿಡೀ ಟ್ರಾಫಿಕ್‌ನಲ್ಲಿ ತೆವಳುವ ಕಾರಿಗೆ ಹಾಗೇ ಹಚ್ಚಿದರೆ ಹೇಗೆ? ಹೊಸ ಪ್ಯಾಡನ್ನು ಹದವಾಗಿ ಬ್ರೇಕ್ ಒತ್ತುತ್ತ ಡಿಸ್ಕಿಗೆ ಒಗ್ಗಿಸುವ ಈ ಬೆಡ್ಡಿಂಗ್ ಬೇಕು, ನಿಜ. ಓರೆಯಾಗಿ ಕೂತ ಡಿಸ್ಕನ್ನು ಅದು ನೆಟ್ಟಗೆ ಮಾಡುವುದಿಲ್ಲ. ಈ ಪಂಡಿತರಲ್ಲಿ ಹಬ್‌ಗೆ ಡಯಲ್ ಗೇಜ್ ಹಚ್ಚಿ ನೋಡಿದವರು ಯಾರೂ ನನಗೆ ಸಿಕ್ಕಿಲ್ಲ.

ಬ್ರೇಕ್ ಆಯಿಲ್‌ನದು ಇನ್ನೂ ಅನಾಥ ಸ್ಥಿತಿ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು; ತೇವ ಹೀರಿಕೊಂಡಾದ ಮೇಲಿನ ಕನಿಷ್ಠ ಮಟ್ಟ 140. ಆಗುಂಬೆ ಘಾಟಿ ಇಳಿಯುವಾಗ ತೇವ ಹೀರಿದ ಆಯಿಲ್ ಕುದಿದು ಪೆಡಲ್ ನೆಲಕ್ಕೆ ಹೋದರೆ ತೂತಿನ ಡಿಸ್ಕ್ ಏನು ಮಾಡೀತು?

ಹಳೇ ಕಾರಿಗೆ ಮೂಲ ಅಳತೆಯ, ತೂತಿಲ್ಲದ ಒಳ್ಳೆಯ ಡಿಸ್ಕ್ ಸಾಕು. ಅದನ್ನು ಹಾಕಿಸುವ ದಿನ ಚಹಾಕ್ಕೆ ಹೋಗದೆ ಮೆಕ್ಯಾನಿಕ್ ಪಕ್ಕದಲ್ಲೇ ನಿಲ್ಲಿ. ಹಬ್‌ಗೆ ವೈರ್ ಬ್ರಷ್ ಬಿತ್ತೋ ಇಲ್ಲವೋ, ನೋಡಿ.