ಸೋಲಿನ ಹೊಣೆ ಹೊರುವವರಾರು?

ಅಮೆರಿಕದ ವೃತ್ತಿಪರ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಾಟವಲ್ಲ; ಅಲ್ಲಿ ಚೆಂಡನ್ನು ಕೈಯಿಂದ ಎಸೆಯುತ್ತಾರೆ, ಹಿಡಿದು ಓಡುತ್ತಾರೆ. ದಾಳಿಯನ್ನು ನಡೆಸುವ ಆಟಗಾರನೇ ಕ್ವಾರ್ಟರ್‌ಬ್ಯಾಕ್. 2021ರಲ್ಲಿ ಹೊಸ ಆಟಗಾರರ ಆಯ್ಕೆ ನಡೆದಾಗ ನ್ಯೂಯಾರ್ಕ್ ಜೆಟ್ಸ್ ತಂಡ ಎರಡನೆಯ ಸರದಿಯಲ್ಲೇ ಆರಿಸಿಕೊಂಡ ಝಾಕ್ ವಿಲ್ಸನ್ ಇಂಥವನು.

2022ರ ನವೆಂಬರ್ 20ರಂದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎದುರು ಜೆಟ್ಸ್ 3-10ರಿಂದ ಸೋತಿತು. ವಿಲ್ಸನ್‌ನ 22 ಎಸೆತಗಳಲ್ಲಿ ಸಹ ಆಟಗಾರರ ಕೈಸೇರಿದವು 9. ಉತ್ತರಾರ್ಧದಲ್ಲಿ ಅವನ ದಾಳಿ ಪಡೆ ಮುನ್ನಡೆದದ್ದು ಒಟ್ಟು 2 ಗಜ! ರಕ್ಷಣಾ ಪಡೆಯಾದರೋ ಕೊನೆಯವರೆಗೆ ಒಂದು ಟಚ್‌ಡೌನನ್ನೂ ಬಿಟ್ಟುಕೊಡಲಿಲ್ಲ. ಎದುರಾಳಿಗೆ ಗೆಲುವು ತಂದದ್ದು ಕೊನೆಯ ಕ್ಷಣಗಳಲ್ಲಿ ಒದ್ದ ಚೆಂಡನ್ನು ಹಿಡಿದು ಓಡಿದ ಓಟ. ರಕ್ಷಣೆಯವರಿಗೆ ನೀವು ಅನ್ಯಾಯ ಮಾಡಿದಿರಾ ಎಂದು ಪತ್ರಕರ್ತರು ಕೇಳಿದಾಗ ವಿಲ್ಸನ್ 'ಇಲ್ಲ' ಎಂದುಬಿಟ್ಟ.

ಆ ವಾರವೇ ಅವನನ್ನು ತಂಡದಿಂದ ಕೆಳಗಿಳಿಸಲಾಯಿತು. ಅವನು ಸಂಗಾತಿಗಳ ಕ್ಷಮೆಯನ್ನೂ ಕೇಳಿದ.

23ರ ಹುಡುಗನಿಗೆ ಇದು ಅತಿಯಾದ ಶಿಕ್ಷೆಯೆ? ಹಾಗೆನ್ನಲಾರೆವು. ಕೆಟ್ಟ ಎಸೆತವನ್ನು ಸಂಗಾತಿಗಳು ಮರೆಯುತ್ತಾರೆ. ತಮ್ಮ ಬೆವರಿಗೆ ಬೆಲೆಯಿಲ್ಲವೆಂಬಂತೆ ಆಡಿದ ಮಾತನ್ನು ಮರೆಯುವುದು ಕಷ್ಟ. ಆದರೆ ಹೊಣೆ ಅವನೊಬ್ಬನದೇ ಅಲ್ಲ. ಮಾಗದ ಹುಡುಗನನ್ನು ಮೊದಲ ಪಂದ್ಯದಿಂದಲೇ ಸೂತ್ರಧಾರನನ್ನಾಗಿಸಿದ ಹಿರಿಯರೂ ಅದರಲ್ಲಿ ಪಾಲುದಾರರು. ಕಿರಿಯನಿಂದ ತಪ್ಪೊಪ್ಪಿಗೆ ಬಯಸುವವರು ತಮ್ಮ ಆಯ್ಕೆಯ ತಪ್ಪನ್ನೂ ಅಷ್ಟೇ ಗಟ್ಟಿಯಾಗಿ ಒಪ್ಪಬೇಕು. ಮುಂದಾಳಿಗೆ ಹೊಣೆಗಾರಿಕೆ ಕಲಿಸುವ ದಾರಿ ಇದೊಂದೇ ಎಂದು ನಮ್ಮ ನಂಬಿಕೆ.